ಎಡಗಿವಿ

ವಸಂತನರಸಾಪುರದ ಮೂರನೇ ಶೆಡ್ಡಿನಲ್ಲಿ
ಹಡಗಿನಡಿ ತಿರುಗುವ ಕಂಚಿನ ರೆಕ್ಕೆ ಉಜ್ಜುತ್ತೇನೆ.
ಹಡಗು ನೋಡಿಲ್ಲ.
ಸಮುದ್ರ ಅಂದರೆ, ನನಗೆ, ಲಾರಿ ಹೋದ ದಿಕ್ಕು.

"ಅಂಚು ಒರಟಾದರೆ ನೀರು ತಣ್ಣಗಿದ್ದೇ ಕುದಿಯುತ್ತೆ,
ಗುಳ್ಳೆ ಒಡೆಯೋ ಸದ್ದಲ್ಲಿ
ತಿಮಿಂಗಿಲಕ್ಕೆ ಮರಿಯ ಕೂಗು ಕೇಳಿಸಲ್ಲ"
ಅಂದರು ಜಬೀನಾ ಮೇಡಂ,
ಉಗುರಲ್ಲಿ ಅಂಚು ಗೀರಿ.
ಮತ್ತೆ ಉಜ್ಜು.

ಕೂದಲೆಳೆಯಷ್ಟು ಸವೆಸಲು ಎರಡು ಪಾಳಿ.
ಗ್ರೈಂಡರಿನ ಕಿರುಚಾಟಕ್ಕೆ
ನನ್ನ ಎಡಗಿವಿ ಹೋಗಿ ಆರು ವರ್ಷ;
ಮನೆಯಲ್ಲಿ ಕುಕ್ಕರಿನ ಸೀಟಿ ಎಣಿಸುವವಳು ಮಗಳು.

ಭಾನುವಾರ, ಅಮಾನಿಕೆರೆ, ಪೆಡಲು ದೋಣಿ.
ತುಳಿಯುತ್ತಿದ್ದವಳು ಥಟ್ಟನೆ ನಿಲ್ಲಿಸಿದಳು:
"ಅಪ್ಪಾ, ಕೆಳಗೆ ಮೀನು ಮಾತಾಡ್ತಿದ್ರೆ?"

ಎಡಕ್ಕೆ ಕೂತಿದ್ದಳು.
ತುಟಿ ನೋಡಿ ತಿಳಿದೆ.
ನಾನೂ ಕಾಲೆತ್ತಿದೆ.