ಎಡದಿಂದ ನಾಲ್ಕನೆಯವಳು

ಕಂಪನಿ ಅಂದರೆ ನಮ್ಮ ಮನೆಯಲ್ಲಿ ಎರಡೇ.
ಬೆಳಿಗ್ಗೆ ಭೋಂಗಾ ಊದುವುದು ರೈಲ್ವೆ ಕಂಪನಿ,
ರಾತ್ರಿ ಹತ್ತಕ್ಕೆ ಪರದೆ ಏಳಿಸುವುದು ನಾಟಕ ಕಂಪನಿ.
ಮೊದಲನೆಯದರ ಪಾಸು ಹಿಡಿದು
ಎರಡನೆಯದರ ಬೆನ್ನು ಹತ್ತಿದವ ಅಪ್ಪ.
ಗದಗಿನಲ್ಲಿ ಮುಕ್ಕಾಂ ಅಂದರೆ ಗದಗ,
ಡೇರೆ ಕಿತ್ತು ಹಾವೇರಿಗೆ ಹೋದರೆ ಹಾವೇರಿ.
ಒಮ್ಮೆ ನನ್ನನ್ನೂ ಒಯ್ದಿದ್ದ. ಏಳು ವರ್ಷ ನನಗೆ.
ಚುರಮರಿ ಪೊಟ್ಟಣ ಮಡಿಲಿಗಿಟ್ಟು ಹೇಳಿದ:
"ರಾಜಾನ್ನ ಊರೆಲ್ಲಾ ನೋಡತೈತಿ.
ನೀ ಆ ಭರ್ಚಿ ಹಿಡದ ಸಿಪಾಯಿನ್ನ ನೋಡು, ತುಳಜಾ.
ಅವಂಗೂ ಯಾರರ ಬೇಕಲ್ಲ."

ಸಿಪಾಯಿಯ ಮೂಗಿನ ಮೇಲೆ ನೊಣ ಕೂತಿತ್ತು.
ಒಂದು ಇಡೀ ಅಂಕ ಅವನು ಕೈ ಎತ್ತಲಿಲ್ಲ.

ಅಪ್ಪ ಹೋದ. ಅನುಕಂಪದ ನೌಕರಿ ಬಂತು.
ವರ್ಕ್‌ಶಾಪಿನಲ್ಲಿ ಬೆಸುಗೆಯ ಮೇಜು, ಮೂವತ್ತೊಂದು ವರ್ಷ.
ರಾಳ ಕರಗಿದ ಹೊಗೆ ಸೆರಗಿಗೆ, ಕೂದಲಿಗೆ,
ಮನೆಗೆ ಬಂದು ಕುಡಿದ ಚಹಾಕ್ಕೂ.
ಒಂದು ಮಧ್ಯಾಹ್ನ ಕ್ಯಾಂಟೀನಿನ ಟೀವಿಯಲ್ಲಿ
ನದಾಫ ಮೇಸ್ತ್ರಿ ತಪ್ಪು ಗುಂಡಿ ಒತ್ತಿದರು.
ಕಾಲ್ಬೆರಳ ತುದಿಯ ಮೇಲೆ ನಿಂತ ಇಪ್ಪತ್ತನಾಲ್ಕು ಹುಡುಗಿಯರು.
"ಏ, ಕ್ರಿಕೆಟ್ ಹಚ್ರೆಪಾ" ಅನ್ನುವಷ್ಟರೊಳಗೆ
ಸಾಲಿನಲ್ಲಿ ಒಬ್ಬಳು, ಎಡದಿಂದ ನಾಲ್ಕನೆಯವಳು,
ಕದ್ದು ಉಸಿರು ತಗೊಂಡದ್ದು ನನಗೆ ಕಂಡಿತು.
ನನಗೊಬ್ಬಳಿಗೇ ಕಂಡಿತು ಅಂತ ಇಂದಿಗೂ ನನ್ನ ನಂಬಿಕೆ.

ನಿವೃತ್ತಿಯ ದುಡ್ಡು ಬಂತು. ನಾದಿನಿ ಬಂಗಾರ ಅಂದಳು,
ಅಳಿಯ ಗೋಕುಲ ರೋಡಿನಲ್ಲಿ ಪ್ಲಾಟು ತೋರಿಸಿದ.
ಪಾಸ್‌ಪೋರ್ಟಿನ ವಿಚಾರಣೆಗೆ ಬಂದ ಪೊಲೀಸ ಕೇಳಿದ:
"ಅಕ್ಕಾರ, ಬ್ಯಾಲೆ ಅಂದ್ರ ನಿಮಗೇನಾಗಬೇಕ್ರಿ?"
ಏನೆಂದು ಹೇಳಲಿ? ಬೀಗರಲ್ಲ, ಬಳಗವಲ್ಲ.
ಕಂಪನಿ, ಅಂದೆ. ಬರೆದುಕೊಂಡ.

ಕಂಪನಿಯ ಮುಕ್ಕಾಂ ಮಸ್ಕತ್. ಹೋದೆ.
ಸಾವಜಿ ಮಸಾಲೆಯ ಡಬ್ಬಿ ಬಿಚ್ಚಿದ ಕಸ್ಟಮ್ಸಿನವ
ಐದು ಸಲ ಸೀನಿ ಸಲಾಮು ಹೊಡೆದ.
ಮುಕ್ಕಾಂ ತ್ಬಿಲಿಸಿ. ಹೋದೆ, ಎರಡು ಸ್ವೆಟರಿನ ಮೇಲೆ ಇಳಕಲ್ಲ ಸೀರೆ.
ಮುಕ್ಕಾಂ ಬುಡಾಪೆಸ್ಟ್.
ಅಲ್ಲಿ ಸಿಕ್ಕದ್ದು ಎಲ್ಲಕ್ಕಿಂತ ಸೋವಿ ಸೀಟು,
ಮೂರನೇ ಮಾಳಿಗೆಯ ಮೂಲೆಯಲ್ಲಿ, ಅರ್ಧ ರಂಗ ಕಾಣದ್ದು.
ಆದರೆ ಪರದೆಯ ಮಗ್ಗುಲು ಕಾಣುತ್ತಿತ್ತು.
ಅಲ್ಲೊಂದು ಕಟ್ಟಿಗೆಯ ತಾಟು, ಅದರಲ್ಲಿ ಹಳದಿ ಹರಳು.
ಬಂದವರೆಲ್ಲ ಅದರೊಳಗೆ ಕಾಲಿಟ್ಟು, ಕಟಕಟ ತುಳಿದು,
ಆಮೇಲೇ ಬೆಳಕಿಗೆ ಓಡುವರು.
ರಾಳ!
ಜಾರಬಾರದೆಂದು ಅವರಿಗೆ, ಹತ್ತಿಕೊಳ್ಳಲೆಂದು ನನಗೆ.
ಅಷ್ಟೆತ್ತರಕ್ಕೆ ವಾಸನೆ ಬರುವುದಿಲ್ಲ, ಗೊತ್ತು.
ಬಂತು.

ಒಂಬತ್ತು ವರ್ಷ. ಅವಳ ಹೆಸರು ನನಗೆ ತಿಳಿಯದು.
ಕೈಪಿಡಿಯಲ್ಲಿ ಇಪ್ಪತ್ತನಾಲ್ಕು ಹೆಸರು ಸಣ್ಣಕ್ಷರದಲ್ಲಿ,
ಯಾರು ಯಾರ ಪಕ್ಕ ಎಂದು ಬರೆದಿರುವುದಿಲ್ಲ.
ಎಡಗಾಲು ಇಡುವ ಮೊದಲು ಗಲ್ಲ ಒಂದು ಕೂದಲೆಳೆ ತಗ್ಗುತ್ತದೆ,
ಅಷ್ಟೇ ನನ್ನ ಗುರುತು.

ಈ ಸಲ ಪರದೆ ಎದ್ದಾಗ ನಾಲ್ಕನೆಯ ಗಲ್ಲ ತಗ್ಗಲಿಲ್ಲ.
ಬೇರೆ ಹುಡುಗಿ. ಕಿವಿ ದೊಡ್ಡವು.
ಬಿಡುವಿನಲ್ಲಿ ಕೋಟು ಕಾಯುವ ಮುದುಕಿಗೆ
ನಾಲ್ಕು ಬೆರಳು ತೋರಿಸಿದೆ, ಎಡಕ್ಕೆ ಕೈ ಮಾಡಿದೆ,
ಗಲ್ಲ ತಗ್ಗಿಸಿ ಅವಳ ಹಾಗೆ ನಿಂತೆ.
ಮುದುಕಿ ನಕ್ಕಳು. ತಿಳಿಯಿತು ಅವಳಿಗೆ.
ಬಗ್ಗಿ ಮೊಣಕಾಲಿನ ಹತ್ತಿರ ಅಂಗೈ ಹಿಡಿದಳು.
ಮೊಣಕಾಲು ಹೋಯಿತೋ,
ಅಷ್ಟೆತ್ತರದ ಕೂಸು ಮನೆಯಲ್ಲಿದೆಯೋ?
ಕೇಳಲು ನನ್ನಲ್ಲಿ ಮಾತಿಲ್ಲ, ಹೇಳಲು ಅವಳಲ್ಲಿ.

ಗಂಟೆ ಬಾರಿಸಿತು. ಒಳಗೆ ಹೋದೆ.
ದೊಡ್ಡ ಕಿವಿಯವಳು ಅರ್ಧ ಮಾತ್ರೆ ತಡವಾಗಿ ತಿರುಗುತ್ತಿದ್ದಳು.
ಹೊಸ ಬೆಸುಗೆ, ಇನ್ನೂ ಬಿಸಿ,
ಮುಟ್ಟಿ ನೋಡಬಾರದು ಎನ್ನುವರು ನದಾಫ ಮೇಸ್ತ್ರಿ.
ಮರುದಿನದ ಟಿಕೀಟನ್ನು ಮಾರಲಿಲ್ಲ.

ಹುಬ್ಬಳ್ಳಿಯಲ್ಲಿ ಇಳಿದಾಗ ನಸುಕು.
ನನ್ನ ಡಬ್ಬಿ ಕಟ್ಟಕಡೆಯದು,
ಪ್ಲಾಟ್‌ಫಾರ್ಮು ಮುಗಿಯದ ಹಾದಿ.
ಹಮಾಲ ಚೀಲ ಎತ್ತಿ ಕೇಳಿದ, "ದೂರದಿಂದ್ರೀ?"
ಹೂಂ ಅಂದೆ.
ಅವನ ಹಿಂದೆ ನಡೆಯುತ್ತ ನೋಡಿದೆ,
ಭಾರ ಹೊತ್ತವನು ಹಿಮ್ಮಡಿ ನೆಲಕ್ಕೆ ಹಚ್ಚುವುದೇ ಇಲ್ಲ.

ಮುಂದಿನ ಮುಕ್ಕಾಂ ಎಲ್ಲೆಂದು ಕಂಪನಿ ಇನ್ನೂ ತಿಳಿಸಿಲ್ಲ.
ಚೀಲ ಬಾಗಿಲ ಹಿಂದೆ ಹಾಗೇ ಇದೆ,
ನಾದಿನಿ ದಿನಾ ಎಡವುತ್ತಾಳೆ, ದಿನಾ ಬೈಯುತ್ತಾಳೆ.