ಮೂರು ಪಾಯಿಂಟ್

ದುರ್ಗಿಗುಡಿಯಲ್ಲಿ ನಾನೂರೈವತ್ತು ಕೊಟ್ಟು ತಂದಳಂತೆ
ಪಕ್ಕದ ಮನೆಯ ಮುನೀರಾ,
ಐಟಿಐ ಟರ್ನರ್, ಎರಡನೇ ವರ್ಷ.
ಮೇಷ್ಟ್ರು ನೋಡಿ ನಕ್ಕರಂತೆ:
‘ಇದೇನು ವರ್ನಿಯರ್ರಾ, ಇಕ್ಕಳವಾ?’

ಕೈಗೆ ತಗೊಂಡೆ. ಅವರು ನಕ್ಕದ್ದು ತಪ್ಪಲ್ಲ.
ದವಡೆ ಮುಚ್ಚಿದರೂ ಸಂದಿಯಿಂದ ಟ್ಯೂಬ್‌ಲೈಟು ಇಣುಕುತ್ತದೆ.
ಜಾರುವ ತುಂಡು ಹಾಲುಹಲ್ಲಿನಂತೆ ಅಲ್ಲಾಡುತ್ತದೆ.
ಒಂದೇ ಬೇರಿಂಗು, ಮೂರು ಸಲ ಅಳೆದರೆ
ಮೂರು ಉತ್ತರ,
ಕಟಕಟೆ ಹತ್ತಿದ ಬಾಡಿಗೆ ಸಾಕ್ಷಿಯ ಹಾಗೆ.

‘ಬಿಸಾಕಲಾ ಅಂಕಲ್?’
‘ನಿಲ್ಲವ್ವಾ. ಉಕ್ಕು ಕೆಟ್ಟದ್ದಲ್ಲ,
ಮಾಡಿದವನಿಗೆ ಊಟದ ಹೊತ್ತಾಗಿತ್ತು, ಅಷ್ಟೆ.’

ಭದ್ರಾವತಿ, ಜನ್ನಾಪುರ. ಹಿತ್ತಲ ಶೆಡ್ಡು.
ಹರಾಜಿನಲ್ಲಿ ಬಂದ ಮೂರಡಿ ಲೇತು,
ಬೇಸಿಗೆಯಲ್ಲಿ ಅದರ ತಣ್ಣನೆ ಹಾಸಿನ ಮೇಲೆ ಬೆಕ್ಕು.
ಬಿಚ್ಚಿದೆವು. ಅಕ್ಕಿಕಾಳಿನಷ್ಟು ಎರಡು ಸ್ಕ್ರೂ
ಡಬ್ಬಿಯ ಮುಚ್ಚಳಕ್ಕೆ.
ಒಳಗಿನ ಪಟ್ಟಿ ಬರೀ ಬಾಗಿದ ತಗಡು.
ಅದನ್ನೆಸೆದು, ಹಳೇ ಸೀಮೆಎಣ್ಣೆ ಸ್ಟೋವಿನ
ಹಿತ್ತಾಳೆ ಹೊಟ್ಟೆಯಿಂದ ಒಂದು ಪಟ್ಟಿ ಕತ್ತರಿಸಿ,
ಗಾಜಿನ ಮೇಲೆ ಮರಳುಕಾಗದ ಹಾಸಿ
ಉಜ್ಜಲು ಕೊಟ್ಟೆ.
ಒತ್ತಬೇಡ. ರೊಟ್ಟಿ ತಟ್ಟುವ ಕೈ ಬೇಡ,
ಕೂಸಿನ ಬೆನ್ನಿಗೆ ಎಣ್ಣೆ ಹಚ್ಚುವ ಕೈ ಸಾಕು.

ದವಡೆಗೆ ಎಣ್ಣೆಕಲ್ಲು, ಮೂರು ಸಂಜೆ.
ಪ್ರತಿ ಸಲ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚುತ್ತಾಳೆ:
ಮೊದಲ ದಿನ ಹಗ್ಗ,
ಮರುದಿನ ದಾರ,
ಆಮೇಲೆ, ‘ಅಂಕಲ್, ಕತ್ತಲು!’
ಕತ್ತಲೆಗೆ ಇಷ್ಟು ಕುಣಿದವರನ್ನು ನಾನು ಕಂಡಿಲ್ಲ.

ಹೊಸ ೬೨೦೩ ಬೇರಿಂಗು, ಕಾಗದ ಆಗತಾನೇ ಬಿಚ್ಚಿದ್ದು.
ಹೊರಸುತ್ತು ನಲವತ್ತು ಮಿಲಿಮೀಟರ್; ಅದು ಸುಳ್ಳಾಡದು.
ಅವಳ ವರ್ನಿಯರ್: ನಲವತ್ತು.
ತಿರುಗಿಸಿ: ನಲವತ್ತು.
‘ನಿಮ್ಮದರಲ್ಲೂ ನೋಡಿ’ ಅಂದಳು.

ನನ್ನದು ಜಪಾನಿನ ಮೈಕ್ರೋಮೀಟರು.
ಹನ್ನೊಂದು ವರ್ಷ ಮಲ್‌ಬಟ್ಟೆಯಲ್ಲಿ ಸುತ್ತಿಟ್ಟು
ಯಾರಿಗೂ ಮುಟ್ಟಗೊಡದ್ದು.
೩೯.೯೭.

ಒರೆಸಿದೆ. ೩೯.೯೭.
ಇನ್ನೊಂದು ಬೇರಿಂಗು. ಅದೇ.
ಜೊತೆಗೆ ಬಂದಿದ್ದ ಇಪ್ಪತ್ತೈದರ ಕಡ್ಡಿ ಎಲ್ಲಿ?
ಸೆಲ್ವಿ ಹೊಲಿಗೆ ಮಿಷನ್ನಿನ ಡ್ರಾಯರಿಂದ ತಂದುಕೊಟ್ಟಳು;
ಅಳತೆ ಚೀಟಿ ಹಾರದಂತೆ ಇಡೋಕೆ ಚೆನ್ನಾಗಿತ್ತಂತೆ.
ಕಡ್ಡಿ ಕಚ್ಚಿಸಿದೆ.
ಸೊನ್ನೆಗಿಂತ ಮೂರು ಗೆರೆ ಹಿಂದೆ ನಿಂತಿತು.

ಮೂರು ಪಾಯಿಂಟ್. ಅರ್ಧ ಕೂದಲು.
ಮುನೀರಾ ಏನೂ ಅನ್ನಲಿಲ್ಲ,
ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು.

ಹೊಳೆಹೊನ್ನೂರಿನ ಅಕ್ಕಿಗಿರಣಿ ಓಂಕಾರಪ್ಪ
ಎರಡು ಸಲ ಬಂದಿದ್ದ:
‘ನಿನ್ನ ಶಾಫ್ಟು ಬೇರಿಂಗ್ ತಿನ್ನತ್ತೆ ಮಾರಾಯ,
ಮುಟ್ಟಿದ್ರೆ ಕೈ ಸುಡತ್ತೆ.’
ಅಗ್ಗದ್ದು ಹಾಕಿದ್ದೀಯ, ಅಂದಿದ್ದೆ.
ಇನ್ನೂ ಏನೇನೋ ಅಂದಿದ್ದೆ.
ಅರ್ಧ ಕುಡಿದ ಟೀ ಲೋಟ
ಲೇತಿನ ಮೇಲೇ ಬಿಟ್ಟು ಹೋಗಿದ್ದ.

ಸರಿಮಾಡುವುದು ಎರಡು ನಿಮಿಷದ ಕೆಲಸ:
ಕೊಕ್ಕೆ ಕೀಲಿ ತೂತಿಗೆ ಸಿಕ್ಕಿಸಿ, ಚೂರೇ ಚೂರು ತಿರುಗಿಸಿ,
ಗೆರೆಗೆ ಗೆರೆ ಕೂಡಿಸುವುದು.
ಕೀಲಿಯನ್ನು ಅವಳ ಕೈಗೇ ಕೊಟ್ಟೆ.
ನನ್ನದು ಯಾಕೋ ನಿಲ್ಲಲಿಲ್ಲ.

ಬೆಳಿಗ್ಗೆ ಏಳೂವರೆಗೆ ಬಸ್ಸಿದೆ.
ಆ ಶಾಫ್ಟು ಬಿಚ್ಚಿಸಬೇಕು, ತಂದು ಮೂರು ಪಾಯಿಂಟ್ ಸವರಬೇಕು.
ಅದಕ್ಕೂ ಮೊದಲು ಏನು ಹೇಳುವುದೆಂದು
ಅಳೆದೂ ಸುರಿದೂ ಕೂತಿದ್ದೇನೆ.
ಚೀಲದಲ್ಲಿ ಅವಳ ನಾನೂರೈವತ್ತರ ವರ್ನಿಯರ್ ಇದೆ,
ಕೇಳಿ ಪಡೆದದ್ದು,
ನಾಳೆ ಒಂದು ದಿನದ ಮಟ್ಟಿಗೆ.