ಪುಟಕ್ಕೆ ತೊಂಬತ್ತು

ಅನುವಾದದಲ್ಲಿ ಕಳೆದುಹೋಗುವುದೇನು, ಎರಡು ಪುಟ ಮೀರದಂತೆ ಬರೆಯಿರಿ
ಎಂದಿತ್ತು ಮೊದಲ ಸೆಮಿಸ್ಟರಿನ ಪ್ರಶ್ನೆ.
ಧ್ವನಿ, ಲಯ, ಮಣ್ಣಿನ ವಾಸನೆ ಅಂತ
ಪಕ್ಕದ ಬೆಂಚಿನ ಮುಬೀನಾ ಸರಸರ ಬರೆಯುತ್ತಿದ್ದಳು.
ನಾನು ಪೆನ್ನಿನ ತುದಿ ಕಚ್ಚಿಕೊಂಡು ಲೆಕ್ಕ ಹಾಕಿದೆ:
ಬಿಟ್ಟುಬಂದ ಜೆರಾಕ್ಸ್ ಅಂಗಡಿಯ ಸಂಬಳ ಒಂಬತ್ತು ಸಾವಿರ,
ಇಪ್ಪತ್ತನಾಲ್ಕು ತಿಂಗಳು.
ಬರೆಯಲಿಲ್ಲ.
ಬರೆದಿದ್ದರೆ ಎಷ್ಟು ಅಂಕ ಕೊಡುತ್ತಿದ್ದರೋ.

ಫೀಸಿಗೆ ಅವ್ವ ಚೀಟಿ ಕೂಗಿದ್ದಳು,
ಐವತ್ತು ಸಾವಿರದ ಚೀಟಿ, ಮೂರನೇ ತಿಂಗಳಿಗೇ,
ಹನ್ನೊಂದು ಸಾವಿರ ಬಿಟ್ಟು.
ಬಿಟ್ಟು ಅನ್ನುವ ಮಾತಿನ ಮೇಲೆ
ಆಗಿನ್ನೂ ನನ್ನ ಕಣ್ಣು ಬಿದ್ದಿರಲಿಲ್ಲ.

ಬೆಳಗಿನ ಪ್ಯಾಸೆಂಜರಿನಲ್ಲಿ ಮಂಡ್ಯದಿಂದ ನಿಂತೇ ಓದು,
ಪಾಂಡವಪುರದಲ್ಲಿ ಸೀಟು ಸಿಕ್ಕಿದರೆ ನಿದ್ದೆ.
ಮೈಸೂರಿನಲ್ಲಿಳಿದು ಗಂಗೋತ್ರಿಯವರೆಗೆ ನಡೆದರೆ
ಬಸ್ಸಿನ ದುಡ್ಡು ಉಳಿಯುತ್ತದೆ, ಚಪ್ಪಲಿ ಸವೆಯುತ್ತದೆ.
ಯಾವುದು ಲಾಭವೆಂದು ಎರಡು ವರ್ಷವೂ ಇತ್ಯರ್ಥವಾಗಲಿಲ್ಲ.

ಮುಬೀನಾ ಈಗ ಮಾತ್ರೆ ಕಂಪನಿಗೆ
ಅಡ್ಡಪರಿಣಾಮಗಳನ್ನು ಕನ್ನಡಿಸುತ್ತಾಳೆ.
ಪದಕ್ಕೆ ಅರವತ್ತು ಪೈಸೆ,
ವಾಂತಿಗೂ ಅಷ್ಟೇ, ಮರಣಕ್ಕೂ ಅಷ್ಟೇ.
ಅದಕ್ಕೇ ತಲೆ ಬೇರೆ, ಸುತ್ತು ಬೇರೆ ಬರೆಯುತ್ತೇನೆ ಕಣೇ
ಅಂತ ಫೋನಿನಲ್ಲಿ ನಗುತ್ತಾಳೆ.

ನಾನು ಮಂಡ್ಯ ಕೋರ್ಟಿನ ಎದುರು,
ನೋಟರಿಯ ಮೇಜಿಗೆ ಒತ್ತಿಕೊಂಡ ಅರ್ಧ ಮೇಜು.
ಹೈಕೋರ್ಟಿಗೆ ಮೇಲ್ಮನವಿ ಹೋಗುವ ಸಾಕ್ಷಿಗಳ ಮಾತು
ನನ್ನ ಕೈಯಲ್ಲಿ ಇಂಗ್ಲಿಷಾಗುತ್ತದೆ, ಪುಟಕ್ಕೆ ತೊಂಬತ್ತು.
ಪಕ್ಕದ ಟೈಪಿಸ್ಟ್ ಶಿವನಂಜಪ್ಪ ಓದಿದ್ದು ಎಸ್ಸೆಸ್ಸೆಲ್ಸಿ.
ಪುಟದ ಮೇಲೆ ಫೋನು ಹಿಡಿಯುತ್ತಾನೆ, ಬಂದದ್ದನ್ನು ಬಡಿಯುತ್ತಾನೆ,
ಪುಟಕ್ಕೆ ನಲವತ್ತು, ದಿನಕ್ಕೆ ಮೂವತ್ತು ಪುಟ.
ನನ್ನದು ಆರು.
ಗುಣಾಕಾರ ಮಾಡಿ ನೋಡಿ, ನಾನು ಮಾಡುವುದಿಲ್ಲ.
ಒಳ್ಳೆಯವನು. ನನ್ನ ಟೀಗೂ ಅವನೇ ಕೊಡುತ್ತಾನೆ.

ಹೊಳಲಿನ ಚಿಕ್ಕತಾಯಮ್ಮನ ಸಾಕ್ಷಿ ಮೊದಲು ಅವನ ಕೈಗೇ ಹೋಗಿತ್ತು.
‘ಆ ಇಪ್ಪತ್ ಗುಂಟೇನ ನಮ್ಮಣ್ಣಂಗೆ ಬುಟ್ಟಿದ್ದೆ.’
ಫೋನು ಒಂದೇ ಉಸಿರಿಗೆ ಹೇಳಿತು: ತ್ಯಜಿಸಿದ್ದೆ.
ವಕೀಲರಿಗೆ ಏಕೋ ಅನುಮಾನ, ಕಾಗದ ನನ್ನ ಮೇಜಿಗೆ ಬಂತು.

ಬಿಟ್ಟೆ.
ಚೀಟಿಯಲ್ಲಿ ಬಿಟ್ಟದ್ದು ಬರುವುದಿಲ್ಲ.
ದನ ಬಿಟ್ಟರೆ ಸಂಜೆಗೆ ಬರುತ್ತದೆ.
ಕೆಲಸ ಬಿಟ್ಟೆ, ಅಂಗಡಿಯವರು ಮತ್ತೆ ಕರೆಯಲಿಲ್ಲ.
ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟಿದ್ದೆ ಅಂದರೆ
ಮಗು ಅಜ್ಜಿಯದಾಯಿತೇ?

ಇಂದ್ರಾಣಿ ಮೇಡಂ ಹೇಳುತ್ತಿದ್ದರು:
ಮುಂದಿನ ಪುಟ ಓದದೆ ಈ ಪುಟಕ್ಕೆ ಕೈ ಹಚ್ಚಬೇಡಿ.
ಎರಡು ವರ್ಷದ ಪಾಠದಲ್ಲಿ ಬಾಯಿಗೆ ಬಂದಿರುವುದು ಇದೊಂದೇ.
ಪಾಸು, ಫೀಸು, ಚೀಟಿಯ ನಷ್ಟ, ಸಂಬಳ ಕೂಡಿಸಿದರೆ
ಈ ಒಂದು ಮಾತಿಗೆ ನಾನು ತೆತ್ತದ್ದು ಸುಮಾರು ಎರಡೂಮುಕ್ಕಾಲು ಲಕ್ಷ.

ಓದಿದೆ. ಪಾಟೀಸವಾಲಿನಲ್ಲಿ, ಹನ್ನೊಂದನೇ ಪುಟದ ಕೆಳಗೆ,
ಯಾರೂ ಕೇಳದಿದ್ದರೂ ಮುದುಕಿ ಅಂದಿದ್ದಳು:
‘ವರ್ಸಾ ವರ್ಸಾ ಎರಡು ಮೂಟೆ ಬತ್ತ ಕಳುಸ್ತಿದ್ದ, ಸಾಯೋಗಂಟ.’

ಉಳಲು ಒಪ್ಪಿಸಿದ್ದೆ ಅಂತ ಇಂಗ್ಲಿಷಿನಲ್ಲಿ ಬರೆದೆ.
ಕೆಳಗೆ ಚಿಕ್ಕ ಟಿಪ್ಪಣಿ: ಮೂಲದ ಪದ ಇದು,
ಎರಡೂ ಅರ್ಥಕ್ಕೆ ಎಡೆಯುಂಟು, ಹನ್ನೊಂದನೇ ಪುಟ ನೋಡಿ.
ಟಿಪ್ಪಣಿಗೆ ದರವಿಲ್ಲ.

ಕೇಸು ಇನ್ನೂ ನಡೆಯುತ್ತಿದೆ. ಗೆಲ್ಲುತ್ತಾಳೋ ಸೋಲುತ್ತಾಳೋ
ನನ್ನ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ.
ಹದಿನಾಲ್ಕು ಪುಟ, ಸಾವಿರದ ಇನ್ನೂರ ಅರವತ್ತು.
ಚಿಕ್ಕತಾಯಮ್ಮ ಸೆರಗಿನ ಗಂಟು ಬಿಚ್ಚಿ ಎರಡು ಸಲ ಎಣಿಸಿ
ಇದೇನ್ ಮಗಾ ಬರಿಯಾಕೆ ಇಷ್ಟಾ, ನಾನಾಡಿದ್ ಮಾತೇ ತಾನೇ,
ಅರವತ್ತು ಬುಟ್ಬುಡು ಅಂದಳು.

ಬಿಟ್ಟೆ.